ಸೋತವನಿಗೆ ಮೊದಲ ಸರದಿ

ನನಗೊಂದು ಕೆಟ್ಟ ಚಾಳಿ ಉಂಟು. ಯಾವ ಆಟ ನೋಡಿದರೂ ಕೊನೆಯವನ ಪಕ್ಷ ಹಿಡಿಯುತ್ತೇನೆ. ಕ್ರಿಕೆಟ್ಟಿನಲ್ಲಾದರೆ ಬಡ ತಂಡವೂ ಅಪರೂಪಕ್ಕೊಮ್ಮೆ ಗೆದ್ದು ನನ್ನ ಮಾನ ಉಳಿಸುತ್ತದೆ. ಆದರೆ ದೇಶದೇಶ ಸುತ್ತುವ ಆ ದೊಡ್ಡ ಕಾರು ರೇಸಿನಲ್ಲಿ ಕೊನೆಯವನು ಕೊನೆಯವನೇ. ಮೊದಲ ಹತ್ತು ಕಾರುಗಳಿಗೆ ಮಾತ್ರ ಅಂಕ. ಕಳೆದ ಮಳೆಗಾಲ ಮುಗಿಯುವವರೆಗೂ ನನ್ನ ತಂಡದ ಅಂಕ ಸೊನ್ನೆ. "ಸೋಲುದನ್ನು ನೋಡ್ಲಿಕ್ಕೆ ಎರಡು ಗಂಟೆ ಬೇಕಾ ನಿಮಗೆ?" ಎಂದು ಹೆಂಡತಿ ಕೇಳುವುದುಂಟು.

ರೇಸು ನಡೆಸುವವರೇನೂ ಕಲ್ಲೆದೆಯವರಲ್ಲ. ಒಬ್ಬನೇ ಗೆಲ್ಲುತ್ತಿದ್ದರೆ ನೋಡುವವರಿಗೆ ಆಕಳಿಕೆ ಬರುತ್ತದೆಂದು ಅವರಿಗೂ ಗೊತ್ತು. ಅದಕ್ಕೇ ತಂಡಗಳ ಖರ್ಚಿಗೆ ಮಿತಿ ಹಾಕಿದ್ದಾರೆ. ಕಾರಿನ ಮಾದರಿಗೆ ಗಾಳಿ ಬೀಸಿ ಪರೀಕ್ಷೆ ಮಾಡುವ ಸುರಂಗಗಳಿವೆ. ಅಲ್ಲಿ ಗೆದ್ದವರಿಗೆ ಕಡಿಮೆ ಹೊತ್ತು, ಸೋತವರಿಗೆ ಹೆಚ್ಚು ಹೊತ್ತು. ಓದಿದಾಗ ನನಗೆ ನಗು ಬಂತು. ಗಣಿತದ ಮಾಸ್ತರನಾಗಿ ಹಿಂದಿನ ಬೆಂಚಿನವರಿಗೆಂದು ನಾನೂ ವಿಶೇಷ ತರಗತಿ ನಡೆಸಿದವನು. ಅದಕ್ಕೆ ಮುಂದಿನ ಬೆಂಚಿನವರೇ ತಪ್ಪದೆ ಬಂದು ಕೂತು ಇನ್ನಷ್ಟು ಮುಂದೆ ಹೋದರು.

ಈ ನಿಯಮ ಕೇಳಿ ಒಂದಿಷ್ಟೂ ಆಶ್ಚರ್ಯಪಡದವರು ಹಮೀದಾಕ. ಕಡಬದಿಂದ ನಮ್ಮೂರಿಗೆ ಜನ ಸಾಗಿಸುವ ಜೀಪುಗಳಲ್ಲಿ ಎಲ್ಲಕ್ಕಿಂತ ಹಳೆಯದು ಅವರದು. ಆದಿತ್ಯವಾರ ಸಂಜೆ ಮೀನು ತೆಗೆದುಕೊಂಡು ಅವರ ಪಕ್ಕದ ಸೀಟಿನಲ್ಲಿ ಕೂತರೆ, ಜೀಪು ತುಂಬುವವರೆಗೆ ನನ್ನ ಮೊಬೈಲಿನಲ್ಲಿ ಇಬ್ಬರೂ ರೇಸು ನೋಡುತ್ತಿದ್ದೆವು.

"ಅಲ್ಲ ಮಾಸ್ಟ್ರೆ, ದಿನಾ ಅವನೇ ಮುಂದೆ ಹೋಗುದಾದ್ರೆ ಬಾಕಿಯವರು ಬರುದು ಎಂತಕ್ಕೆ?" ಎಂದು ಮೊದಲ ದಿನವೇ ಕೇಳಿದ್ದರು. ಸುರಂಗದ ಲೆಕ್ಕ ವಿವರಿಸಿದೆ. "ಓ, ಅದಾ! ಅದು ನಮ್ಮ ಸ್ಟ್ಯಾಂಡಿನಲ್ಲಿಯೂ ಉಂಟಲ್ಲ ಮಾರಾಯ್ರೆ" ಎಂದರು.

ಹೌದು, ಇತ್ತು. ನಿನ್ನೆ ಯಾರಿಗೆ ಎಲ್ಲರಿಗಿಂತ ಕಡಿಮೆ ಟ್ರಿಪ್ಪು ಸಿಕ್ಕಿತೋ ಇವತ್ತು ಅವರ ಜೀಪು ಸಾಲಿನಲ್ಲಿ ಮೊದಲು. ಹಾಗಾಗಿ ಹಮೀದಾಕ ಹೆಚ್ಚುಕಡಿಮೆ ದಿನಾ ಮೊದಲು. ಅವರ ಹಿಂದೆ ಜೋಯಿಯ ಹೊಸ ಜೀಪು. ಮೆತ್ತನೆ ಸೀಟು, ಮಳೆನೀರು ಒಳಗೆ ಬಾರದ ಬಾಗಿಲು. ಜೋಯಿ ಒಳ್ಳೆಯವನು, "ಮುಂದಿನದ್ದಕ್ಕೆ ಹತ್ತಿ" ಎಂದು ಅವನೇ ಹೇಳುತ್ತಿದ್ದ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ನಮ್ಮ ಕಡೆಯವರು ಮುಖಕ್ಕೆ ಹೊಡೆದ ಹಾಗೆ ಬೇಡ ಎನ್ನುವವರಲ್ಲ. "ಒಬ್ಬರು ಬರ್ಲಿಕ್ಕುಂಟು, ನೀವು ಹೋಗಿ" ಎನ್ನುತ್ತಾರೆ. ಹಮೀದಾಕ ಅರ್ಧ ಖಾಲಿ ಜೀಪಿನಲ್ಲಿ ಹೋದ ಮೇಲೆ ಆ "ಒಬ್ಬರು" ಬಾರದಿದ್ದರೂ ಜೋಯಿಯ ಜೀಪು ಎರಡೇ ನಿಮಿಷದಲ್ಲಿ ತುಂಬುತ್ತಿತ್ತು.

ಇದನ್ನೆಲ್ಲ ನೋಡಿ ಊರವರ ಮೇಲೆ ನಾನು ಉರಿದುಬೀಳುತ್ತಿದ್ದೆ. ಕೊನೆಯವನ ಪಕ್ಷದವನಲ್ಲವೇ!

ಕಳೆದ ಮಳೆಗಾಲದ ಒಂದು ಸಂಜೆ, ಸುಳ್ಯದಲ್ಲಿ ಗೃಹಪ್ರವೇಶ ಮುಗಿಸಿ ಬಿಳಿ ಪಂಚೆಯಲ್ಲಿ ಕಡಬದಲ್ಲಿ ಇಳಿದೆ. ಮಳೆ ಹೊಯ್ಯುತ್ತಿತ್ತು. ಹಮೀದಾಕನ ಜೀಪಿನಲ್ಲಿ ನನ್ನ ಮಾಮೂಲಿ ಸೀಟಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಬಾಯಿಂದ ತಾನಾಗಿಯೇ ಬಂತು: "ಒಬ್ಬರು ಬರ್ಲಿಕ್ಕುಂಟು ಹಮೀದಾಕ, ನೀವು ಹೋಗಿ."

"ಬರ್ಲಿ, ಕಾಯುವ. ನಿಮ್ಮನ್ನು ಬಿಟ್ಟು ಹೋಗುದುಂಟಾ?" ಎಂದರು. ಕಾದರು. ನಾನು ದಾರಿ ನೋಡುವ ನಾಟಕ ಮಾಡಿದೆ. ಒಳಗಿದ್ದ ನಾಲ್ಕು ಜನ ಗೊಣಗಿದ ಮೇಲಷ್ಟೇ ಹೊರಟರು. ನಾನು ಜೋಯಿಯ ಜೀಪು ಹತ್ತಿದೆ. ಏರಿನಲ್ಲಿ ಹಳೆಯ ಜೀಪು ಏದುಸಿರು ಬಿಡುತ್ತಿತ್ತು. ಹಮೀದಾಕ ಹೊರಗೆ ಕೈಹಾಕಿ ಬೀಸಿದರು, ದಾರಿ ಬಿಟ್ಟದ್ದಿರಬೇಕು. ಜೋಯಿ ಮುಂದೆ ಹೋದ. ನಾನು ತಲೆ ಬಗ್ಗಿಸಿ ಕಾಲಬುಡದಲ್ಲಿ ಏನನ್ನೋ ಹುಡುಕಿದೆ. ಛೆ, ಎಂಥಾ ಬಾಳು!

ಮುಂದಿನ ಆದಿತ್ಯವಾರ ಹಮೀದಾಕ ರೇಸಿನ ಬಗ್ಗೆ ಮಾತ್ರ ಕೇಳಿದರು. ಆ ಸಂಜೆಯ ಬಗ್ಗೆ ಕೇಳಿದ್ದರೆ ಅಂದೇ ಒಪ್ಪಿಕೊಂಡುಬಿಡುತ್ತಿದ್ದೆ. ಮಳೆ ಬಿಟ್ಟ ಮೇಲೆ ಜೀಪನ್ನು ಗುಜರಿಗೆ ಕೊಟ್ಟು ಮಂಡೆಕೋಲಿನ ಮಗಳ ಮನೆಗೆ ಹೋದರು. ಸ್ಟ್ಯಾಂಡಿನ ನಿಯಮ ಈಗಲೂ ಹಾಗೇ ಉಂಟು. ಉಳಿದವು ಹೊಸ ಜೀಪುಗಳು ಮಾತ್ರ, ಪೈಪೋಟಿ ಬಹಳ ಚೆನ್ನಾಗಿದೆ ಅಂತೆ. ಸಮಬಲ ಬರುವುದು ಹೀಗೂ ಇರಬಹುದು, ಕೊನೆಯವನನ್ನು ಕಳೆದ ಮೇಲೆ.

ಮೊನ್ನೆ ಆದಿತ್ಯವಾರ ನನ್ನ ತಂಡದ ಒಂದು ಕಾರು ಹತ್ತನೆಯದಾಗಿ ಬಂತು. ಒಂದು ಅಂಕ! ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ. ಹೇಳಲು ಇದ್ದದ್ದು ಒಬ್ಬರೇ. ಧೈರ್ಯ ಮಾಡಿ ಫೋನು ಹಚ್ಚಿದೆ.

"ಹೌದಾ? ಮುಂದಿನವರು ಕೆಟ್ಟು ನಿಂತ್ರಾ?" ಎಂದರು ಹಮೀದಾಕ.

"ಇಬ್ಬರು ನಿಂತರು."

"ಹಾಂ, ಹಾಗೆ ಹೇಳಿ" ಎಂದು ನಕ್ಕರು. ಆ ನಗುವಿನ ಬಲದಲ್ಲೇ ನಾನು ಹೇಳಿಬಿಟ್ಟೆ: "ಹಮೀದಾಕ, ಆವತ್ತು ಮಳೆಯಲ್ಲಿ ಯಾರೂ ಬರ್ಲಿಕ್ಕಿರಲಿಲ್ಲ."

"ಅದು ಗೊತ್ತುಂಟು ಮಾಸ್ಟ್ರೆ. ಆದ್ರೆ ಏರಿನಲ್ಲಿ ನೀವು ತಲೆ ಬಗ್ಗಿಸಿದ್ದು ಎಂತಕ್ಕೆ ಮಾರಾಯ್ರೆ? ನಾನು ಕೈ ಬೀಸಿದ್ದು ನಿಮಗೆ."