ಮಾಸ್ತಮ್ಮನ ಕೂಸು

ಮಳವಳ್ಳಿಗೆ ಹೋಗುವ ಗಾಡಿ ಜಾಡಿನಲ್ಲಿ, ನಮ್ಮೂರಿನ ಅಂಚಿಗೆ ಒಂದು ಮಾಸ್ತಿಕಲ್ಲಿತ್ತು. ಯಾವ ಕಾಲದಲ್ಲೋ ಗಂಡನ ಚಿತೆ ಏರಿದವಳ ಕಲ್ಲು. ಕಲ್ಲಿನಲ್ಲಿ ಕೆತ್ತಿದ ಕಂಬದಿಂದ ಒಂದು ಕೈ ಹೊರಚಾಚಿ ಮೇಲಕ್ಕೆದ್ದಿತ್ತು. ಮುಂಗೈ ತುಂಬ ಕೆತ್ತಿದ ಬಳೆ. ಮದುಮಗಳು ಬಳೆಯನ್ನು ಮೊದಲು ಅಲ್ಲಿಟ್ಟು ಆಮೇಲೆ ತೊಡಬೇಕು. ಗಂಡ ಸತ್ತರೆ ಒಡೆದ ಬಳೆಯ ಚೂರನ್ನೂ ಅಲ್ಲಿಗೇ ತಂದು ಹಾಕಬೇಕು.

ನಾನಾಗ ಚಿಕ್ಕ ಹುಡುಗಿ, ಬಾಯಿ ಸುಮ್ಮನಿರುತ್ತಿರಲಿಲ್ಲ. "ಯಾರಜ್ಜಿ ಅವ್ಳು? ಎಸ್ರೇನು? ಬೆಂಕಿಗೆ ಓಗುವಾಗ ಅತ್ಲಾ?" ಎಂದು ಅಜ್ಜಿಯ ಪ್ರಾಣ ತಿನ್ನುತ್ತಿದ್ದೆ. "ಮಾಸ್ತಮ್ಮಂಗೆ ಎಸ್ರು ಯಾಕೆ? ಸುಮ್ಕೆ ಕೈ ಮುಗ್ದು ಬಾ" ಎಂದು ಗದರುತ್ತಿದ್ದಳು. ಊರಿಗೇ ದೇವರಾದವಳ ಹೆಸರು ಒಬ್ಬರಿಗೂ ಗೊತ್ತಿಲ್ಲವೆಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾಲೆಯ ನೀರು ಬಂದು ಗದ್ದೆ ಹಸಿರಾದ ಕಡೆಯೆಲ್ಲ ಚಳಿಜ್ವರವೂ ಬಂದಿತ್ತು. ಯುದ್ಧದ ಕಾಲ, ಮಂಡ್ಯದವರೆಗೆ ಅಲೆದರೂ ಕ್ವಿನೈನ್ ಸಿಗಲಿಲ್ಲ. ಅಕ್ಕನನ್ನು ಮದ್ದೂರಿನ ಹತ್ತಿರ ಕೊಟ್ಟಿದ್ದೆವು. ಭಾವ ನಡುಗುತ್ತಲೇ ಸತ್ತ. ಮೊಲೆ ಕುಡಿಯುವ ಕೂಸನ್ನು ಎತ್ತಿಕೊಂಡು ಅಕ್ಕ ನಮ್ಮ ಮನೆಗೆ ಬಂದಳು. ಕಲ್ಲಿನ ಬುಡಕ್ಕೆ ಬಳೆಚೂರು ಹಾಕಿ ಬಂದ ದಿನದಿಂದ ಊಟ ಮುಟ್ಟಲಿಲ್ಲ, ಬರೀ ನೀರು. ಹಾಲು ಬತ್ತಿಹೋಯಿತು. ಒಳಲೆಯಲ್ಲಿ ಹಸುವಿನ ಹಾಲು ಹಾಕಿದರೆ ಕೂಸು ಕಕ್ಕಿಬಿಡುತ್ತಿತ್ತು. ಕೊನೆಗೆ ಅಳುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ. ನಮ್ಮವ್ವ ಕೂಸನ್ನು ಮಡಿಲಲ್ಲಿಟ್ಟುಕೊಂಡು, ಹೆತ್ತ ಮಗಳ ಕಾಲನ್ನೇ ಹಿಡಿದು, "ಒಂದು ತುತ್ತು ಉಣ್ಣೇ" ಎಂದು ಗೋಗರೆದಳು. ಅಕ್ಕ ಗೋಡೆ ನೋಡಿಕೊಂಡು, "ಮಾಸ್ತಮ್ಮನೇ ಪುಣ್ಯವಂತೆ. ಒಂದೇ ದಿನ್ಕೆ ಮುಗೀತು" ಎಂದಳು.

ನನಗೆ ಸಿಟ್ಟೋ ಭಯವೋ, ಕಿರುಚಿಬಿಟ್ಟೆ. "ಅವ್ಳಿಗೂ ಕೂಸಿತ್ತಾ ಅಜ್ಜಿ? ಇದ್ರೆ ಅದೇನಾಯ್ತು?"

ಗದರುತ್ತಾಳೆ ಅಂದುಕೊಂಡೆ. ಅಜ್ಜಿ ಬಂದು ಅಕ್ಕನ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. "ಇತ್ತು ಕಣವ್ವ. ಎದೆ ಕಚ್ಕೊಂಡಿದ್ದುದ್ನ ಕಿತ್ಕೊಂಡ್ರಂತೆ. ಊರೋರೆಲ್ಲ ಅವ್ಳ ಪೂಜೆಗೆ ನಿಂತ್ರು, ಕೂಸ್ನ ಯಾರೂ ಎತ್ಕಳ್ನಿಲ್ಲ. ಅತ್ತು ಅತ್ತು ಸತ್ತೋಯ್ತು. ಅದ್ಕೆ ಒಂದು ಕಲ್ಲೂ ಇಲ್ಲ."

ಇದು ಅಜ್ಜಿಗೆ ನಿಜವಾಗಿ ಗೊತ್ತಿತ್ತೋ, ಆ ಗಳಿಗೆಯಲ್ಲಿ ಹುಟ್ಟಿಸಿ ಹೇಳಿದಳೋ, ಇಂದಿಗೂ ನನಗೆ ತಿಳಿಯದು. ಕೇಳಿ ಕೇಳಿ ಪ್ರಾಣ ತಿನ್ನುತ್ತಿದ್ದ ನನಗೆ ಅದೊಂದನ್ನು ಕೇಳುವ ಧೈರ್ಯ ಬರಲಿಲ್ಲ.

ಅಕ್ಕ ಗೋಡೆಯಿಂದ ಮುಖ ತಿರುಗಿಸಿದಳು. ಆಮೇಲೆ ಅವ್ವನ ಮಡಿಲಿಂದ ಕೂಸನ್ನು ಎಳೆದುಕೊಂಡು ಬತ್ತಿದ ಎದೆಗೆ ಒತ್ತಿದಳು. ಅಜ್ಜಿಯನ್ನು ಸುಟ್ಟುಬಿಡುವ ಹಾಗೆ ನೋಡಿ, "ಮುದ್ದೆ ಇಕ್ಕು" ಎಂದಳು.