ತಡೆದು ತಡೆದು ಓಡುತ್ತಿದ್ದ ಗಾಡಿ

ಉಜ್ಜಿದ ರಬ್ಬರಿನ ವಾಸನೆ ಬಂದರೆ ಇಂಗಳೇಶ್ವರದ ನಮ್ಮ ಹಳೆಯ ನಡುಮನೆ ಕಣ್ಣಿಗೆ ಕಟ್ಟುತ್ತದೆ. ಮೊನ್ನೆ ಬಾಗೇವಾಡಿಯಲ್ಲಿ ನಾನು ಕೆಲಸ ಮಾಡುವ ಆನ್‌ಲೈನ್ ಸೆಂಟರಿನ ಕಂಪ್ಯೂಟರ್ ಶುರುವಾಗಲಿಲ್ಲ. ಡಬ್ಬಿ ಬಿಚ್ಚಿ, ರ್‍ಯಾಮ್ ಎಂಬ ಮೆಮೊರಿ ಪಟ್ಟಿಯನ್ನು ಹೊರತೆಗೆದು, ಅದರ ಹಳದಿ ಅಂಚನ್ನು ಮಕ್ಕಳ ರಬ್ಬರಿನಿಂದ ತಿಕ್ಕಿದೆ. ಆ ಸಿಹಿ ವಾಸನೆ ಮೂಗಿಗೆ ಹತ್ತಿದ್ದೇ ಕೈ ನಿಂತಿತು. ಕಾಕಾ ತೀರಿಕೊಂಡು ವರ್ಷವಾಗುತ್ತ ಬಂತು. ಆ ಮನೆಯೂ ಈಗ ಇಲ್ಲ. ಮಣ್ಣಿನ ಮಾಳಿಗೆ ಕೆಡವಿ, ಜಾಗ ಹಂಚಿಕೊಂಡು, ಎಲ್ಲರೂ ಬೇರೆ ಬೇರೆ ಕಡೆ ಇದ್ದೇವೆ.

ಕಾಕಾ ನಮ್ಮ ಅಪ್ಪನ ತಮ್ಮ. ನಮ್ಮೂರಿಗೂ ಬಾಗೇವಾಡಿಗೂ ನಡುವೆ ಮಂದಿಯನ್ನು ಹತ್ತಿಸಿಕೊಂಡು ಟಂಟಂ ಆಟೋ ಓಡಿಸುತ್ತಿದ್ದ. ನಾನು ಏಳನೆಯ ತರಗತಿಯಲ್ಲಿದ್ದಾಗ ಅವನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಮಾತು, ನೋಟ, ಉಳಿದ ಎಡಗೈ ಎಲ್ಲವೂ ನಿಧಾನವಾದವು. ಗಾಡಿ ಮಾರಿದರು. ಅದೇ ವರ್ಷ ಅಪ್ಪ, ಮುಚ್ಚಿಹೋದ ಟೈಪಿಂಗ್ ಕ್ಲಾಸಿನಿಂದ ಹಳೆಯ ಕಂಪ್ಯೂಟರೊಂದನ್ನು ತಂದ. ಅದರಲ್ಲಿ ಇಬ್ಬರು ಕೂಡಿ ಆಡುವ ಕಾರಿನ ಆಟವಿತ್ತು. ಜೋಳದ ಚೀಲಗಳ ಪಕ್ಕದಲ್ಲಿ, ಬಿಸಿಯಾದ ಡಬ್ಬಿಯ ಧೂಳಿನ ವಾಸನೆ ಮತ್ತು ಒಳಗೆ ಆಯಿ, ಅಂದರೆ ನಮ್ಮ ಅಜ್ಜಿ, ರೊಟ್ಟಿ ಬಡಿಯುವ ಸಪ್ಪಳದ ನಡುವೆ ನಾವಿಬ್ಬರೂ ಒಂದೇ ಕೀಬೋರ್ಡಿಗೆ ಬಾಗಿ ಕೂರುತ್ತಿದ್ದೆವು. “ಬಾಗೇವಾಡಿ, ಬಾಗೇವಾಡಿ! ಹತ್ರಿ ಹತ್ರಿ, ಹಿಂದ ಇನ್ನೂ ಜಾಗಾ ಐತಿ!” ಎಂದು ಕೂಗಿಯೇ ಕಾಕಾ ಗಾಡಿ ಬಿಡುತ್ತಿದ್ದ. “ಇದ್ದ ಗಾಡಿ ಹೋತು, ಈಗ ಟಿವಿಯೊಳಗ ಮಂದೀನ ಹತ್ತಿಸ್ಕೊಳ್ಳಾಕತ್ತಾನ ನೋಡು,” ಎಂದು ಆಯಿ ನಗುತ್ತಿದ್ದಳು. ಅವನಿಗೆ ಉಳಿದಿದ್ದ ಗಾಡಿ ಅದೊಂದೇ ಎಂದು ಅವಳಿಗೂ ಗೊತ್ತಿತ್ತು.

ಆಟ ನಡುನಡುವೆ ಸಿಕ್ಕಿಕೊಳ್ಳುತ್ತಿತ್ತು. ಎರಡೂ ಕಾರು ರಸ್ತೆಯಲ್ಲಿ ಕಲ್ಲಾಗಿ ನಿಂತು, ಮತ್ತೆ ಜಿಗಿದು ಓಡುತ್ತಿದ್ದವು. ನನಗೆ ಸಿಟ್ಟು ಬರುತ್ತಿತ್ತು. ಆ ನಿಂತ ಗಳಿಗೆಯಲ್ಲೇ ಕಾಕಾನ ಬೆರಳು ಮುಂದಿನ ತಿರುವಿನ ಕೀಲಿಯನ್ನು ಹುಡುಕಿಕೊಳ್ಳುತ್ತಿತ್ತು ಎಂಬುದು ಆಗ ಹೊಳೆಯಲಿಲ್ಲ. ಒಮ್ಮೊಮ್ಮೆ ಅವನೇ ಗೆಲ್ಲುತ್ತಿದ್ದ. “ಹೋತಲ್ಲವ್ವಾ ನಿನ್ನ ಗಾಡಿ! ಇನ್ನ ಹಿಂದಿನ ಬಸ್ಸಿಗಿ ಬಾ!”

ರ್‍ಯಾಮ್ ಹಾಕೋಣ ಎಂದು ಹಟ ಹಿಡಿದವಳು ನಾನು. ಕಾಕಾನೇ ನನ್ನ ಜೊತೆ ಹೊರಟ, ಬೇರೆಯವರ ಟಂಟಂನಲ್ಲಿ ಹಿಂದಿನ ಸೀಟಿನಲ್ಲಿ ಕೂತು. “ಇದನ್ನ ಹಾಕಿದ್ರ ಆಟ ಸಿಕ್ಕೊಳ್ಳೂದು ನಿಲ್ತೈತೇನ್ರಿ?” ಎಂದು ಬಾಗೇವಾಡಿಯ ಅಂಗಡಿಯಲ್ಲಿ ಕೇಳಿದ. “ಮೆಮೊರಿ ತುಂಬಿ ಸಿಕ್ಕೊಳ್ಳಾಕತ್ತಿದ್ರ ನಿಲ್ತೈತ್ರಿ,” ಎಂದರು ಅಂಗಡಿಯವರು. “ಗ್ರಾಫಿಕ್ಸ್ ಕಾರ್ಡಿಂದ ತೊಂದ್ರಿ ಇದ್ರ ಎಷ್ಟ್ ಹಾಕಿದ್ರೂ ಅಷ್ಟ.” ನಮ್ಮದು ಮೆಮೊರಿಯ ತೊಂದರೆಯೇ ಆಗಿತ್ತು. ಆಗಿರದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಮನೆಗೆ ಬಂದು, ಅವರು ಹೇಳಿಕೊಟ್ಟಂತೆ ಹಳೆಯ ಪಟ್ಟಿಯನ್ನು ರಬ್ಬರಿನಿಂದ ತಿಕ್ಕಿ, ಹೊಸದನ್ನು ಅದರ ಪಕ್ಕ ಕೂರಿಸಿದೆ. ಕಾಕಾ ಎಡಗೈಯಲ್ಲಿ ಬ್ಯಾಟರಿ ಬೆಳಕು ಹಿಡಿದಿದ್ದ.

ಆಟ ನೀರಿನಂತೆ ಹರಿಯಿತು. ಮೊದಲ ತಿರುವಿನಲ್ಲೇ ಕಾಕಾನ ಕಾರು ಕಂದಕಕ್ಕೆ ಬಿತ್ತು. ಮತ್ತೆ ಆಡಿದೆವು, ಮತ್ತೆ ಬಿತ್ತು. “ಚಲೋ ಓಡತೈತಿ ಬಿಡು,” ಎಂದ. ಮರುದಿನವೂ ಬಂದು ಕೂತ, ಅದರ ಮರುದಿನವೂ. ಆದರೆ ಮಂದಿಯನ್ನು ಕೂಗಿ ಹತ್ತಿಸುವುದನ್ನು ಬಿಟ್ಟಿದ್ದ. ಆಟ ಸಿಕ್ಕಿಕೊಳ್ಳುತ್ತಿದ್ದುದರಿಂದಲೇ ಅವನ ಬೆರಳಿಗೆ ಹೊತ್ತು ಸಿಗುತ್ತಿತ್ತು ಎಂಬುದು ಅಷ್ಟು ಹೊತ್ತಿಗೆ ನನಗೂ ತಿಳಿದಿತ್ತು.

“ಕಾಕಾ, ಹೊಸಾ ಪಟ್ಟಿ ತಗದಬಿಡಲೇನು?” ಎಂದು ಕೇಳಿದೆ, ಪರದೆಯಿಂದ ಕಣ್ಣು ತೆಗೆಯದೆ.

“ಬ್ಯಾಡವ್ವಾ. ನನ್ನ ಸಲುವಾಗಿ ಓಡೂ ಗಾಡಿ ಗಾಲಿಗಿ ಯಾಕ ಕಲ್ಲ ಇಡತಿ?”

ನಿಮ್ಮ ಮನೆಯಲ್ಲೂ ಇಂಥ ಮಾತು ನಡೆದಿರಬಹುದು. ಬೇಡ ಎನ್ನಲಿ ಎಂದೇ ನಾವು ಕೆಲವನ್ನು ಕೇಳುತ್ತೇವೆ. ನಾನು ಎರಡನೆಯ ಸಲ ಕೇಳಲಿಲ್ಲ. ಕಾಕಾ ಗೋಡೆ ಹಿಡಿದುಕೊಂಡು ಎದ್ದು ಹೊರಗಿನ ಕಟ್ಟೆಗೆ ಹೋದ. ನಾನು ಅವನ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಒಬ್ಬರೇ ಆಡುವ ಆಟವನ್ನು ಆರಿಸಿಕೊಂಡೆ.