ಅಂಜಿನಿಯ ಎಡಗೈ

ಅಂಜಿನಿ ಈಗ ಮೌಸನ್ನು ಎಡಗೈಯಲ್ಲಿ ಹಿಡಿಯುತ್ತಾನೆ. ಬಲಗೈ ತೊಡೆಯ ಮೇಲೆ ಮಲಗಿರುತ್ತದೆ. ಅದರ ನಡುವಿನ ಎರಡು ಬೆರಳು ಮಡಚುವುದಿಲ್ಲ. ಮೋಡ ಕವಿದರೆ ಊರಿಗಿಂತ ಮೊದಲು ಅವಕ್ಕೆ ತಿಳಿಯುತ್ತದೆ.

ಕೂಡ್ಲಿಗಿಯ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಅವನ ಅಂಗಡಿ. ಒಂದೇ ಶಟರು, ಒಂದೇ ಮೇಜು. ಕಸುಬು ಫ್ಲೆಕ್ಸ್ ಡಿಸೈನು. ಹುಟ್ಟುಹಬ್ಬ, ಗೃಹಪ್ರವೇಶ, ಗೆದ್ದವರಿಗೆ ಅಭಿನಂದನೆ, ಸತ್ತವರಿಗೆ ಶ್ರದ್ಧಾಂಜಲಿ. ಊರಿನ ಗಂಡಸರ ಮುಖಗಳನ್ನು ಅವನಷ್ಟು ಹತ್ತಿರದಿಂದ ಅವರ ಹೆಂಡಂದಿರೂ ನೋಡಿರಲಿಕ್ಕಿಲ್ಲ. ಮೊಡವೆ ಒರೆಸುತ್ತಾನೆ, ಬಣ್ಣ ತಿಳಿ ಮಾಡುತ್ತಾನೆ, ಬೋಳುತಲೆಯ ಮಿಂಚು ತಗ್ಗಿಸುತ್ತಾನೆ. ಯಾರ ತಲೆ ಕುಂಬಳಕಾಯಿಯಷ್ಟಿರಬೇಕು, ಯಾರದು ತೆಂಗಿನಕಾಯಿಯಷ್ಟು, ಯಾರದು ನಿಂಬೆಹಣ್ಣಿನಷ್ಟು ಎಂಬುದು ಅವನಿಗೆ ಬಾಯಿಪಾಠ. ಅದು ತಪ್ಪಿದರೆ ತಲೆಗಳು ಫ್ಲೆಕ್ಸಿನ ಹೊರಗೆ ಒಡೆಯುತ್ತವೆ.

ಓಬಳೇಶನ ಮುಖ ಅವನಿಗೆ ಚೆನ್ನಾಗಿ ಗೊತ್ತಿತ್ತು. ಜಲ್ಲಿ ಕ್ರಷರಿನ ದುರುಗೇಶಣ್ಣನ ತಮ್ಮ ಅವನು. ಅಣ್ಣನಿಗೆ ರಾಜಕೀಯದ ಆಸೆ, ತಮ್ಮನಿಗೆ ಅಣ್ಣನ ಆಸೆಯೇ ಆಸೆ. ಓಬಳೇಶನ ಗದ್ದದ ಎಡಕ್ಕೆ ಒಂದು ಹಳೆಯ ಗಾಯದ ಗುರುತಿತ್ತು, ಜೋಳದ ಎಲೆಯ ಅಂಚಿನಂತೆ ಬಾಗಿದ್ದು. ಫ್ಲೆಕ್ಸಿನಲ್ಲಿ ಅಂಜಿನಿ ಅದನ್ನು ತಪ್ಪದೆ ಅಳಿಸುತ್ತಿದ್ದ. ಅಳಿಸೆಂದು ಓಬಳೇಶ ಎಂದೂ ಕೇಳಿದವನಲ್ಲ. ಆದರೆ ಕಲೆಯಿಲ್ಲದ ತನ್ನ ಮುಖವನ್ನು ಸರ್ಕಲ್ಲಿನಲ್ಲಿ ನೋಡಿ ಒಮ್ಮೆ ಬಿಸಿ ಮಿರ್ಚಿ ಕಟ್ಟಿಸಿ ಅಂಗಡಿಗೆ ಕಳಿಸಿದ್ದ.

ಕಳೆದ ವರ್ಷ ದುರುಗೇಶಣ್ಣನ ಹುಟ್ಟುಹಬ್ಬ ಬಂತು. ಅಂಜಿನಿಯ ಕಂಪ್ಯೂಟರು ಆಗ ಮುದಿ ಎತ್ತು. ದೊಡ್ಡ ಫೈಲು ತೆರೆಯಲು ಹೇಳಿದರೆ ಅವನು ಎದ್ದು ಹೋಗಿ ಚಹಾ ಕುಡಿದು ಬರಬಹುದಿತ್ತು. ‘ಹೊಸಾದು ತಗಳ್ರಿ, ಇದು ಒಂದಿನ ನಿಮ್ಮನ್ನ ಹಳ್ಳಕ್ಕ ಕೆಡವತತಿ’ ಎಂದು ಹೆಂಡತಿ ಕೋಮಲಾ ಹೇಳುತ್ತಲೇ ಇದ್ದಳು.

ಆ ಸಂಜೆ ಅವನು ತೆಲಿಗಿಯ ಹಿರಿಯರೊಬ್ಬರ ಶ್ರದ್ಧಾಂಜಲಿಗೆ ಮಾಡಿದ್ದ ಹಳೆಯ ಫೈಲನ್ನು ತೆರೆದ. ಅದರ ಸೇವಂತಿಗೆಯ ಅಂಚು ಚೆನ್ನಾಗಿತ್ತು. ಹಿರಿಯರ ಜಾಗದಲ್ಲಿ ದುರುಗೇಶಣ್ಣನನ್ನು ನಿಲ್ಲಿಸಿದ, ಅಕ್ಷರ ಬದಲಿಸಿದ, ಸೇವ್ ಮಾಡಿದ. ಆಮೇಲೆ ಕೊರಳ ಗಂಧದ ಹಾರವನ್ನೂ ಕೆಳಗಿನ ದೀಪವನ್ನೂ ತೆಗೆದು ಮತ್ತೆ ಸೇವ್ ಒತ್ತಿದ. ಮಷಿನು ಅಲ್ಲಿಯೇ ನಿಂತಿತು. ಆಫ್ ಮಾಡಿ ಆನ್ ಮಾಡಿದ. ಹಗರಿಬೊಮ್ಮನಹಳ್ಳಿಯ ಪ್ರಿಂಟಿಂಗಿನವರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಫೈಲನ್ನು ಮತ್ತೆ ತೆರೆದು ನೋಡುವ ತಾಳ್ಮೆಯಿಲ್ಲದೆ ಹಾಗೆಯೇ ಕಳಿಸಿಬಿಟ್ಟ. ಎರಡನೆಯ ಸೇವ್ ಆಗಿರಲೇ ಇಲ್ಲ.

ಪ್ರಿಂಟಾದ ಫ್ಲೆಕ್ಸು ಸುರುಳಿಯಾಗಿ ಮೊದಲ ಬಸ್ಸಿಗೆ ಬಂತು. ಓಬಳೇಶನ ಕಡೆಯವರು ಮಬ್ಬಿನಲ್ಲೇ ಅದನ್ನು ಸರ್ಕಲ್ಲಿನ ಕಂಬಗಳಿಗೆ ಬಿಗಿದರು. ಬೆಳಕು ಹರಿಯಿತು. ದುರುಗೇಶಣ್ಣ ಕೈಮುಗಿದು ನಗುತ್ತಿದ್ದ. ಕೊರಳಲ್ಲಿ ಗಂಧದ ಹಾರ, ಕಾಲ ಬಳಿ ನಂದಾದೀಪ, ತಲೆಯ ಮೇಲೆ ‘ನೂರು ಕಾಲ ಬಾಳಿ’. ಹಾಲು ತರಲು ಹೊರಟವರೆಲ್ಲ ಮೊಬೈಲ್ ಎತ್ತಿದರು. ತವರಿಗೆ ಹೋಗಿದ್ದ ದುರುಗೇಶಣ್ಣನ ಹೆಂಡತಿ ಆ ಫೋಟೋ ನೋಡಿ ಎದೆ ಬಡಿದುಕೊಂಡು ಅತ್ತಳಂತೆ.

ಅಂಜಿನಿ ಆಗಷ್ಟೇ ಶಟರ್ ಎತ್ತಿ ಕಸ ಗುಡಿಸುತ್ತಿದ್ದ. ಓಬಳೇಶನೂ ಸೇರಿ ನಾಲ್ಕು ಮಂದಿ ಬಂದರು. ಕೈಯಲ್ಲಿ ಏನೂ ತಂದಿರಲಿಲ್ಲ. ಫ್ಲೆಕ್ಸಿನ ಚೌಕಟ್ಟು ಕಟ್ಟಲೆಂದು ಅವನೇ ಗೋಡೆಗೆ ಆನಿಸಿದ್ದ ಮರದ ರೀಪುಗಳಿದ್ದವು, ಅವನ್ನೇ ಎತ್ತಿಕೊಂಡರು. ರೀಪುಗಳ ತುದಿಗೆ ಮೊಳೆಗಳಿದ್ದವು.

ಮೊದಲ ಏಟು ಎಡಗಿವಿಯ ಮೇಲೆ ಬಿತ್ತು. ಲೋಕದ ಅರ್ಧ ಸದ್ದು ಆರಿಹೋಯಿತು. ಉಳಿದರ್ಧದಲ್ಲಿ ಅವನು ತನ್ನ ಕಂಪ್ಯೂಟರು ಒಡೆಯುವುದನ್ನು ಕೇಳಿದ. ಮಾನಿಟರಿನ ಗಾಜು, ಆಮೇಲೆ ಡಬ್ಬಿಯ ತಗಡು. ತಗಡನ್ನು ಕಾಲಲ್ಲಿ ತುಳಿಯುತ್ತಿದ್ದರು. ಮೊಳೆ ಬೆನ್ನಿನ ಅಂಗಿಯನ್ನು ಹರಿದು ಚರ್ಮದಲ್ಲಿ ಗೆರೆ ಎಳೆಯಿತು. ಅವನು ಅಂಗಾತ ಬಿದ್ದಾಗ ಓಬಳೇಶ ಅವನ ಎದೆಯ ಮೇಲೆ ಮಂಡಿಯೂರಿ ಕೂತು ಮುಖಕ್ಕೆ ಗುದ್ದಿದ. ಬಾಗಿದ ಆ ಗದ್ದದ ಮೇಲೆ ಕಲೆ ಕಾಣುತ್ತಿತ್ತು. ಇದನ್ನು ನಾನು ಅಳಿಸಿದ್ದೆನಲ್ಲ ಎಂದು ಅಂಜಿನಿಗೆ ಅನ್ನಿಸಿತು.

ಅವರು ಹೊರಟರು. ಅವನು ತೆವಳಿ ಹೊಸ್ತಿಲಿಗೆ ಬಂದ. ಬೆಳಕಿನ ಕಡೆಗೆ ಬಲಗೈ ಚಾಚಿದ. ಹೊರಗೆ ನಿಂತಿದ್ದ ಓಬಳೇಶ ಆ ಕೈಯನ್ನು ನೋಡಿದ. ನೋಡಿಯೇ ಶಟರನ್ನು ಎಳೆದ. ಕಬ್ಬು ಮುರಿದಂಥ ಸದ್ದಾಯಿತು.

ಕೋಮಲಾ ಠಾಣೆಗೆ ದೂರು ಕೊಟ್ಟಳು. ಬ್ಯಾಂಡೇಜು ಬಿಚ್ಚುವ ಹೊತ್ತಿಗೆ ಅಂಜಿನಿಯ ಸೋದರಮಾವ ಬೊಮ್ಮಯ್ಯ ರಾಜಿಯ ಮಾತು ಹೊತ್ತು ಬಂದ. ಬೊಮ್ಮಯ್ಯ ಕೆಟ್ಟವನಲ್ಲ. ಜಗಳಗಳನ್ನು ಹರಕು ಚೀಲದಂತೆ ಹೊಲಿದು ಹೊಲಿದು ರೂಢಿಯಾದವನು.

“ಕೋರ್ಟಿಗೆ ಹೋದ್ರ ನಿನ್ನ ತಲಿ ಬೆಳ್ಳಗಾಗತತಿ ನೋಡಪಾ. ದುರುಗೇಶ ಒಪ್ಪ್ಯಾನ. ಹೊಸಾ ಕಂಪ್ಯೂಟ್ರು ಕೊಡಸ್ತಾರ. ಅಲ್ಲಿಂದ ಸೀದಾ ಠಾಣೆಗೆ ಹೋಗಿ ನೀನೊಂದು ಮಾತು ಹೇಳಿಬಿಟ್ರ ಮುಗೀತು.”

“ಏನಂತ ಹೇಳ್ಲಿ ಮಾವ?”

“ಶಟರು ತಾನಾಗೇ ಬಿತ್ತು ಅಂತ.”

ಒಲೆಯ ಮುಂದಿದ್ದ ಕೋಮಲಾ ತಿರುಗಲಿಲ್ಲ. ರೊಟ್ಟಿ ಬಡಿಯುತ್ತಲೇ ಕೇಳಿದಳು. “ಕಿವಿ ಮ್ಯಾಲೂ ಶಟರಾ ಬಿತ್ತೇನು ಮಾವ?”

“ನೀ ಸುಮ್ನಿರವ್ವ. ಹೊಟ್ಟಿ ಪ್ರಶ್ನಿ ಇದು.”

ಹೊಟ್ಟೆಯ ಪ್ರಶ್ನೆಯೇ ಹೌದು. ಬೇರೆಯವರ ಅಂಗಡಿಯಲ್ಲಿ ಕೂತು ಗೇಯುವ ಕೈ ಅಂಜಿನಿಗೆ ಉಳಿದಿರಲಿಲ್ಲ. ಕಂಪ್ಯೂಟರು ಬಂದರೆ ಅಂಗಡಿ ತೆರೆಯುತ್ತದೆ. ಆ ಮಾತು ಹೇಳಿದರೆ ಅವನ ಕೈ ಮುರಿದವರು ಯಾರೂ ಇಲ್ಲವೆಂದಾಗುತ್ತದೆ. ಒಂದು ದಿನವೆಲ್ಲ ಗೋಡೆ ನೋಡುತ್ತ ಕೂತು, ಕೊನೆಗೆ ಹೂಂ ಅಂದ.

ಕೊಟ್ಟೂರಿನ ಅಸ್ಲಮನ ಕಂಪ್ಯೂಟರ್ ಅಂಗಡಿಗೆ ಓಬಳೇಶನ ಕಾರಿನಲ್ಲೇ ಹೋದರು. ಬೊಮ್ಮಯ್ಯ ಮುಂದೆ, ಅಂಜಿನಿ ಹಿಂದೆ. ಅವನ ಮಡಿಲಲ್ಲಿ ಬಟ್ಟೆಯ ಕೈಚೀಲ, ಅದರಲ್ಲಿ ತುಳಿದ ಡಬ್ಬಿಯಿಂದ ಬಿಚ್ಚಿ ತೆಗೆದ ಹಳೆಯ ಹಾರ್ಡ್ ಡಿಸ್ಕು.

“ಸೀಟಿಗೆ ಔಷಧ ಗೀಷಧ ಹಚ್ಚೀಯಲೇ, ಹೊಸಾ ಕವರು,” ಎಂದ ಓಬಳೇಶ ಕನ್ನಡಿಯಲ್ಲಿ ನೋಡುತ್ತ. “ನಮ್ಮ ಕ್ರಷರಿನ್ಯಾಗ ಬೆರಳು ಹೋದವರು ಮರುದಿನ ಕೆಲಸಕ್ಕ ಬರ್ತಾರ. ನೀನು ನೋಡಿದ್ರ ಬಾಣಂತಿಗತೆ ಮಲಗೀದಿ.”

ಅಂಜಿನಿ ಕಿವುಡಾದ ಕಿವಿಯನ್ನು ಅವನ ಕಡೆಗೆ ತಿರುಗಿಸಿ ಹೊಲಗಳನ್ನು ನೋಡಿದ.

ಅಸ್ಲಂ ಮಾತಿನಲ್ಲಿ ಮೃದು, ವ್ಯಾಪಾರದಲ್ಲಿ ನೇರ. ಗ್ರಾನೈಟಿನ ಕೌಂಟರಿನ ಮೇಲೆ ಎರಡು ಡಬ್ಬಿ ಜೋಡಿಸಿಟ್ಟಿದ್ದ.

“ಎರಡು ಥರ ಐತಿ ನೋಡ್ರಿ. ಇದರ ಪ್ರೊಸೆಸರು ನಾಲ್ಕು ಕೋರಿನದು, ಅದರದು ಆರು. ಕೋರು ಅಂದ್ರ ಒಳಗ ದುಡಿಯೋ ಆಳು ಅನಕಳ್ರಿ. ಟೈಪಿಂಗು, ಅರ್ಜಿ ಗಿರ್ಜಿ ಆದ್ರ ನಾಲ್ಕು ಆಳು ಧಾರಾಳ. ದೊಡ್ಡ ಫ್ಲೆಕ್ಸು ಎಳೀಬೇಕಂದ್ರ ಆರು ಇರಬೇಕು. ರೇಟಿನ್ಯಾಗ ಫರಕ್ ಐತಿ, ಅದು ಸುಳ್ಳಲ್ಲ.”

“ನಾಲ್ಕು ಸಾಕು ಬಿಡ್ರಿ,” ಎಂದ ಓಬಳೇಶ. “ನಾವೂ ನಾಲ್ಕಾ ಮಂದಿ ಹೋಗಿದ್ವಿ. ಕೆಲಸ ಪೂರಾ ಆಗಲಿಲ್ಲೇನಲೇ ಅಂಜಿನಿ?”

ತನ್ನ ಮಾತಿಗೆ ತಾನೇ ನಕ್ಕ. ಬೊಮ್ಮಯ್ಯ ತನ್ನ ಚಪ್ಪಲಿಯ ಉಂಗುಟ ನೋಡಿಕೊಂಡ. ಪ್ರಿಂಟರಿನ ಇಂಕಿಗೆ ಬಂದು ಬೆಂಚಿನ ಮೇಲೆ ಕೂತಿದ್ದ ಕನ್ನಡಕದ ಮೇಷ್ಟ್ರೊಬ್ಬರು ತಲೆಯೆತ್ತಿ ನೋಡಿ ಮತ್ತೆ ಪೇಪರಿನೊಳಕ್ಕೆ ಇಳಿದರು.

ಅಂಜಿನಿ ಚೀಲದಿಂದ ಹಾರ್ಡ್ ಡಿಸ್ಕು ತೆಗೆದ. “ಎರಡಕ್ಕೂ ಒಂದಾ ಫೈಲು ಹಾಕಿ ನೋಡಾನು ಅಸ್ಲಂ ಭಾಯ್. ಹಳೇದನ್ನ ಯಾವ ಫೈಲು ನಿಲ್ಲಿಸಿತ್ತೋ ಅದನ್ನಾ.”

ಬೇಕೆಂದೇ ಮಾಡಿದನೇ ಎಂದು ಆಮೇಲೆ ಬಹಳ ಜನ ಕೇಳಿದರು. ಅವನ ತಲೆಯಲ್ಲಿದ್ದದ್ದು ಗಾಡಿ ಹೊಡೆಯುವವನ ಬುದ್ಧಿ. ಹಳೆ ಎತ್ತು ಯಾವ ಏರಿನಲ್ಲಿ ಕುಸಿಯಿತೋ ಹೊಸ ಎತ್ತನ್ನು ಅದೇ ಏರಿಗೆ ಹೂಡಿ ನೋಡಬೇಕು. ಆ ಏರಿನ ಮೇಲೆ ಯಾರ ಮುಖವಿದೆ ಎಂಬುದನ್ನು ಅವನು ಮರೆತಿದ್ದ. ಫೈಲುಗಳ ನಡುವೆ ಬದುಕಿದವರಿಗೆ ಆಗುವ ಮರೆವು ಅದು.

ನಾಲ್ಕು ಕೋರಿನದು ಮೊದಲು. ಎಡಗೈ ಮೌಸಿನ ಮೇಲೆ ತಡವರಿಸಿತು. ಸೇವಂತಿಗೆಯ ಅಂಚು ಬಂತು. ಅಕ್ಷರಗಳು ಒಂದೊಂದಾಗಿ ಬಂದವು. ಮುಖದ ಜಾಗದಲ್ಲಿ ಬಿಳಿ ಚೌಕ, ನಡುವೆ ತಿರುಗುವ ಚಕ್ರ.

“ಬಂತಲ್ಲ, ಇದನ್ನಾ ಕಟ್ರಿ,” ಎಂದ ಓಬಳೇಶ ಮೊಬೈಲಿನಿಂದ ಕಣ್ಣೆತ್ತದೆ.

“ಇನ್ನೊಂದು ನೋಡಾನು,” ಎಂದ ಅಂಜಿನಿ. ಅಸ್ಲಂ ಡಿಸ್ಕನ್ನು ಪಕ್ಕದ ಡಬ್ಬಿಗೆ ಜೋಡಿಸಿದ.

ಆರು ಕೋರಿನದು ಕಾಯಿಸಲಿಲ್ಲ. ಒಂದೇ ಏಟಿಗೆ ದುರುಗೇಶಣ್ಣ ಪರದೆಯ ತುಂಬ ಎದ್ದು ನಿಂತ. ಕೈಮುಗಿದ ನಗೆ, ಗಂಧದ ಹಾರ, ಉರಿಯುವ ದೀಪ, ನೂರು ಕಾಲ ಬಾಳಿ.

ಬೆಂಚಿನ ಮೇಲಿನ ಮೇಷ್ಟ್ರಿಗೆ ನಗೆ ತಡೆಯಲಾಗಲಿಲ್ಲ. ಮೂಗಿನಿಂದ ಹೊರಬಂತು.

ಓಬಳೇಶ ಪರದೆ ನೋಡಿದ. ಅಂಜಿನಿಯ ಕೂದಲು ಹಿಡಿದು ಹಣೆಯನ್ನು ಗ್ರಾನೈಟಿಗೆ ಅಪ್ಪಳಿಸಿದ. ಎತ್ತಿ ಮತ್ತೊಮ್ಮೆ ಅಪ್ಪಳಿಸಿದ. ಹುಬ್ಬು ಸೀಳಿ ರಕ್ತ ಕೀಬೋರ್ಡಿನ ಅಕ್ಷರಗಳ ಸಂದಿಗೆ ಇಳಿಯಿತು. “ಮತ್ತ ಸಾಯಿಸ್ತೀಯೇನಲೇ ನಮ್ಮಣ್ಣನ್ನ? ನನ್ನ ರೊಕ್ಕದಾಗ, ನನ್ನ ಮುಂದಾ ಸಾಯಿಸ್ತೀಯೇನಲೇ?” ಬೊಮ್ಮಯ್ಯ ನಡುವೆ ಬಂದ. ಓಬಳೇಶನ ಮೊಣಕೈ ಅವನ ಬಾಯಿಗೆ ಬಡಿದು ಮುದುಕ ಬೆಂಚಿನ ಮೇಲೆ ಕುಸಿದ.

“ಅಣ್ಣಾರ, ಅದು ನನ್ನ ಮಾಲು, ಬಿಡ್ರಿ,” ಎಂದು ಅಸ್ಲಂ ಕೂಗುವಷ್ಟರಲ್ಲಿ ಓಬಳೇಶ ಆರು ಕೋರಿನ ಡಬ್ಬಿಯ ಅಡಿಗೆ ಎರಡೂ ಕೈ ತೂರಿಸಿದ್ದ. ಎತ್ತಿ ಬೀದಿಗೆ ಎಸೆಯುವವನಿದ್ದ. ಎದುರು ಬದಿಯಿಂದ ಅಂಜಿನಿ ಅದನ್ನು ಎಡಗೈಯಲ್ಲಿ ತಬ್ಬಿಕೊಂಡ. ಡಬ್ಬಿ ಒಂದು ಗೇಣು ಮೇಲೆದ್ದು ಇಬ್ಬರ ನಡುವೆ ತೂಗಾಡಿತು. ರಕ್ತ ತುಂಬಿದ ಕಣ್ಣಿನಿಂದ ಅಂಜಿನಿ ಕೆಳಗೆ ನೋಡಿದ. ಕಪ್ಪು ಕಲ್ಲಿನ ಮೇಲೆ, ಡಬ್ಬಿಯ ಅಂಚಿನ ಕೆಳಗೆ, ಓಬಳೇಶನ ಬಲಗೈಯ ಬೆರಳುಗಳು ಸಾಲಾಗಿದ್ದವು. ಒಂದಕ್ಕೆ ಹವಳದ ಉಂಗುರ.

ಅವನು ನೋಡಿದ. ನೋಡಿಯೇ ಕೈಬಿಟ್ಟ. ಡಬ್ಬಿ ಬಿದ್ದದ್ದು ಸಾಲದೆಂದು ಎದೆಯನ್ನು ಅದರ ಮೇಲೆ ಹೇರಿ ಇಡೀ ಮೈಯ ಭಾರ ಕೊಟ್ಟ. ಡಬ್ಬಿಯ ಬದಿಯ ಗಾಜು ಸೀಳಿತು. ಗಾಜಿನ ಸದ್ದಿನ ಕೆಳಗೆ ಇನ್ನೊಂದು ಸದ್ದಿತ್ತು, ಅವನಿಗೆ ಪರಿಚಯದ್ದು.

ಓಬಳೇಶ ಕೂಗಲಿಲ್ಲ. ಬಾಯಿ ತೆರೆದುಕೊಂಡು ಮಕ್ಕಳಂತೆ ಉಸಿರಿಗೆ ಹುಡುಕಾಡಿದ. ಅಷ್ಟು ಹತ್ತಿರದಲ್ಲಿ ಅವನ ಗದ್ದ ನಡುಗುತ್ತಿತ್ತು, ಕಲೆಯೂ ಅದರೊಡನೆ.

“ತಾನಾಗೇ ಬಿತ್ತಣ್ಣ,” ಎಂದ ಅಂಜಿನಿ.

ಹೊರಗೆ ಬಂದು ಟವೆಲ್ಲನ್ನು ಹಣೆಗೆ ಬಿಗಿದು ಕೂಡ್ಲಿಗಿಯ ಬಸ್ಸು ಹತ್ತಿದ. ಬೊಮ್ಮಯ್ಯ ಬರಲಿಲ್ಲ. ಕಂಡಕ್ಟರು ಅವನ ಮುಖ ನೋಡಿ ಪಕ್ಕದ ಸೀಟಿಗೆ ಯಾರನ್ನೂ ಕೂರಿಸಲಿಲ್ಲ. ಗುಡೇಕೋಟೆ ಕಡೆಯ ಕೂಲಿ ಹೆಂಗಸರು ಹಿಂದೆ ಕೂತು ಶೇಂಗಾ ಸುಲಿಯುತ್ತಿದ್ದರು. ಊರು ಬಂದೊಡನೆ ಇಳಿದು, ಮನೆಗೆ ಹೋಗದೆ ಠಾಣೆಯ ಕಡೆ ನಡೆದ.

ಠಾಣೆಯಲ್ಲಿ ಬರೆದುಕೊಳ್ಳುವವನು ಕಾದು ಕೂತಿದ್ದ. “ಬಾರಪಾ. ಶಟರು ತಾನಾಗೇ ಬಿತ್ತಂತಲ್ಲ?” ಎಂದವನು ತಲೆಯೆತ್ತಿ ರಕ್ತ ನೋಡಿ ಪೆನ್ನು ಕೆಳಗಿಟ್ಟ.

“ಇಲ್ರಿ. ಶಟರು ಓಬಳೇಶ ಎಳದದ್ದು. ನನ್ನ ಕೈ ನೋಡಿನಾ ಎಳದಾನ. ಈಗ ಕೊಟ್ಟೂರಾಗ ಕಂಪ್ಯೂಟ್ರು ಆತನ ಕೈಮ್ಯಾಲ ಬಿದ್ದತಿ. ಅದೂ ತಾನಾಗೇ ಬಿದ್ದಿಲ್ಲ. ನಾನಾ ಕೆಡವೀನಿ. ಎರಡೂ ಬರಕಳ್ರಿ.”

“ಎರಡ್ನೇದು ಯಾಕ ಹೇಳ್ತಿಯೋ ಹುಚ್ಚ?”

“ಒಂದು ಸುಳ್ಳಾದ್ರ ಇನ್ನೊಂದ್ನೂ ನೀವು ನಂಬಂಗಿಲ್ಲರಿ.”

ಎರಡು ಕೇಸುಗಳೂ ಈಗ ನಡೆಯುತ್ತಿವೆ. ಕೋರ್ಟಿನ ಜಾಲಿಮರದ ನೆರಳಲ್ಲಿ ಇಬ್ಬರೂ ಆ ಬದಿಗೊಬ್ಬರು ಈ ಬದಿಗೊಬ್ಬರು ನಿಲ್ಲುತ್ತಾರೆ. ಓಬಳೇಶ ಎಡಗೈಯಲ್ಲಿ ಚಹಾ ಹಿಡಿಯುವುದನ್ನು ಇನ್ನೂ ಸರಿಯಾಗಿ ಕಲಿತಿಲ್ಲ, ಅಂಗಿಯ ಮೇಲೆ ಚೆಲ್ಲಿಕೊಳ್ಳುತ್ತಾನೆ. ಆಗ ಅಂಜಿನಿ ಬೇರೆ ಕಡೆ ನೋಡುತ್ತಾನೆ. ತನ್ನ ಬೆರಳಿನ ಸದ್ದು ಅವನಿಗೆ ಮರೆತುಹೋಗಿದೆ. ಓಬಳೇಶನ ಬೆರಳಿನದು ಮರೆತಿಲ್ಲ. ಕೋಮಲಾ ಒಲೆಗೆ ಪುಳ್ಳೆ ಮುರಿದರೆ ಅವನು ಎದ್ದು ಹೊರಗೆ ಹೋಗುತ್ತಾನೆ.

ಅಂಗಡಿ ತೆರೆದಿದೆ. ಕೋಮಲಾಳ ಕಿವಿಯೋಲೆ ಮಾರಿ ನಾಲ್ಕು ಕೋರಿನ ಮಷಿನನ್ನೇ ತಂದರು. ಕೈಗೆ ಎಟುಕಿದ್ದು ಅದೊಂದೇ. ಆರು ಕೋರಿನದನ್ನು ಅಸ್ಲಂ ತೋರಿಸಲಿಲ್ಲ, ಅಂಜಿನಿಯೂ ಕೇಳಲಿಲ್ಲ. ಯಾವ ಫೈಲನ್ನೂ ಅವನು ಈಗ ಮರಳಿ ತೆರೆದು ನೋಡದೆ ಕಳಿಸುವುದಿಲ್ಲ. ಫೋನು ಎಷ್ಟು ಬಡಿದುಕೊಂಡರೂ ಕಾಯುತ್ತಾನೆ.

ಮೊನ್ನೆ ಕಬಡ್ಡಿ ಪಂದ್ಯದ ಫ್ಲೆಕ್ಸು ಬಂತು. ಅರಸೀಕೆರೆಯ ಯುವಕರು ತಂದದ್ದು. ಕೆಳಗಿನ ಮೂರನೆಯ ಸಾಲಿನಲ್ಲಿ ಕಾಣಿಕೆ ಕೊಟ್ಟವರ ಮುಖಗಳು, ಅವುಗಳಲ್ಲಿ ಓಬಳೇಶನದೂ ಒಂದು. ಒರೆಸಲೆಂದು ಅಂಜಿನಿ ಅದನ್ನು ಪರದೆಯ ಮೇಲೆ ಹಿಗ್ಗಿಸಿದ. ಮಷಿನು ನಿಧಾನವಾಗಿ ಮುಖ ತುಂಬಿತು. ಹಣೆ, ಕಣ್ಣು, ಮೀಸೆ. ಕೊನೆಗೆ ಗದ್ದ.

ಪಕ್ಕದಲ್ಲಿ ಇನ್ನೊಂದು ಫ್ಲೆಕ್ಸಿನ ಅಂಚಿಗೆ ಹಗ್ಗದ ತೂತು ಹೊಡೆಯುತ್ತಿದ್ದ ಕೋಮಲಾ ಕತ್ತು ಚಾಚಿ ನೋಡಿದಳು. “ಫ್ಲೆಕ್ಸಿನ್ಯಾಗ ಆತನ ಮಾರಿ ಭಾಳ ಸಣ್ಣದಾತು. ಮತ್ತ ಬಂದಾರು.”

“ಮೂರನೇ ಸಾಲಿನಾವ. ಅಷ್ಟಾ.”

ಎಡಗೈ ಅಭ್ಯಾಸಬಲದಿಂದ ಅಳಿಸುವ ಗುಂಡಿಯ ತನಕ ಹೋಯಿತು. ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಆ ಕಲೆ ಹೇಗಾಯಿತೆಂದು, ಅದನ್ನು ಮಾಡಿದವರು ಯಾರೆಂದು, ಅವನು ಒಮ್ಮೆಯೂ ಕೇಳಿರಲಿಲ್ಲ.

ಅಳಿಸಲಿಲ್ಲ. ಸೇವ್ ಮಾಡಿದ, ಫೈಲು ಮುಚ್ಚಿದ, ಮತ್ತೆ ತೆರೆದು ಮುಖ ತುಂಬುವ ತನಕ ಕಾದ. ಕಲೆ ಇದ್ದ ಜಾಗದಲ್ಲೇ ಇತ್ತು.